ನಾಲೆಯ ಕೊನೆಯಲ್ಲೊಂದು ಕಂಪ್ಯೂಟರ್

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೆ ಎರಡರ ಮಗ್ಗಿ ಬಾಯಿಗೆ ಬರುವ ಮೊದಲೇ ಒಂದು ಅಂಕಿ ಬಂದಿರುತ್ತದೆ: 124.80. ಕನ್ನಂಬಾಡಿ ಕಟ್ಟೆ ತುಂಬಿತು ಅನ್ನಬೇಕಾದರೆ ನೀರು ಅಷ್ಟು ಅಡಿಗೆ ಏರಬೇಕು. ಮುಂಗಾರು ಹಿಡಿಯಿತೆಂದರೆ ಸಾಕು, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಬೀಗರೂಟದ ಪಂಕ್ತಿಯಲ್ಲಿ ಒಬ್ಬರು 'ಇವತ್ತೆಷ್ಟಾಗದೆ?' ಅಂದರೆ ಇನ್ನೊಬ್ಬರು ಏನು, ಎತ್ತ ಎಂದು ಕೇಳದೆ 'ನೂರಾ ಹದಿಮೂರು ದಾಟ್ತು' ಅನ್ನುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ, ಸಾಲದ್ದಕ್ಕೆ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿ 1565, 1799, 1881 ಎಂದು ಇಸವಿಗಳನ್ನು ಮಕ್ಕಳ ತಲೆಗೆ ತುರುಕಿ, ಅವು ಪರೀಕ್ಷೆಯ ಮಾರನೆಯ ದಿನವೇ ಆ ತಲೆಗಳಿಂದ ಸೋರಿಹೋಗುವುದನ್ನು ನಿರ್ವಿಕಾರಚಿತ್ತದಿಂದ ನೋಡಿ ನಿವೃತ್ತನಾದ ನನಗೆ, ಈ ಜನ್ಮಕ್ಕೆ ಸಾಕಾಗುವಷ್ಟು ಅಂಕಿಗಳಾಗಿವೆ, ಇನ್ನು ಹೊಸದೊಂದು ಬೇಡ ಎಂಬ ವೈರಾಗ್ಯ ಬಂದಿತ್ತು. ಆಗ ಒಕ್ಕರಿಸಿತು ನೋಡಿ, 192.168.1.1.

ಇದು ನಮ್ಮ ಮನೆಯ ರೌಟರಿನ ವಿಳಾಸ. ನಿಮ್ಮ ಮನೆಯದೂ ಬಹುಶಃ ಇದೇ, ಇಲ್ಲವೇ ಇದರ ದಾಯಾದಿ. ಎದುರುಮನೆಯದೂ ಇದೇ. ಊರಿಗೆಲ್ಲ ಒಂದೇ ಮನೆ ನಂಬರ್ ಕೊಟ್ಟರೆ ಹೇಗಪ್ಪಾ ಎಂದು ಗಾಬರಿಯಾಗಬೇಡಿ. ಒಳಬಳಕೆಗೆ ಮಾತ್ರ ಎಂದು 1996ರಲ್ಲೇ ಕೆಲವು ಅಂಕಿಗಳನ್ನು ಈ ವಿದ್ಯೆಯ ದೊಡ್ಡವರು ಎತ್ತಿಟ್ಟಿದ್ದಾರೆ, ಅವು ಹೊಸ್ತಿಲು ದಾಟುವುದಿಲ್ಲ. ಹೊಸ್ತಿಲ ಹೊರಗೆ ನಮಗೆ ಬೇರೆ ಅಂಕಿ, ಅದನ್ನು ಕೊಡುವವರು ಬೇರೆ, ಕೊಟ್ಟದ್ದನ್ನು ಬದಲಾಯಿಸುವವರೂ ಅವರೇ. ನಮ್ಮ ಪಡಸಾಲೆಯ ಗೋಡೆಯಲ್ಲಿ ಮೊದಲು ಕಪ್ಪು ಟೆಲಿಫೋನು ಕೂರುತ್ತಿದ್ದ ಗೂಡಿನಲ್ಲಿ ಈಗ ಈ ರೌಟರ್ ಎರಡು ಕೊಂಬು ನಿಗುರಿಸಿಕೊಂಡು ಕೂತಿದೆ. ಫೋನಿಗೆ ನನ್ನ ಹೆಂಡತಿ ಕಸೂತಿ ಹಾಕಿದ್ದ ಬಟ್ಟೆ ಈಗ ಇದಕ್ಕೆ ಹೊದಿಕೆಯಾಗಿದೆ. ಬಿಸಿಯಾಗುತ್ತದೆ, ಹೊದಿಸಬಾರದು ಎಂದರೆ ಅವಳು ಕೇಳುವುದಿಲ್ಲ.

ನಮ್ಮ ಮನೆಗೆ ಬಂದ ಕಾಯಿಲೆ ಸಾಮಾನ್ಯದ್ದಾಗಿರಲಿಲ್ಲ. ನೆಟ್ ಪೂರ್ತಿ ಹೋದರೆ ದುಃಖವಿಲ್ಲ. ಸಮಾನದುಃಖಿಗಳೆಲ್ಲ ಜಗಲಿಗೆ ಬಂದು ಕೂರಬಹುದು. ನಮ್ಮದು ಅರೆಬರೆ ಹೋಗಿತ್ತು. ಯೂಟ್ಯೂಬ್ ಬರುತ್ತಿತ್ತು, ಗೂಗಲ್ ಬರುತ್ತಿತ್ತು. ಪಿಂಚಣಿ ಬೀಳುವ ಬ್ಯಾಂಕಿನ ಪುಟ ಬರುತ್ತಿರಲಿಲ್ಲ. ಪಹಣಿ ನೋಡುವ ಪುಟ ಬಿಳಿಚಿಕೊಂಡು ನಿಂತುಬಿಡುತ್ತಿತ್ತು. ನಿತ್ಯ ಓದುವ ಪತ್ರಿಕೆ ತನ್ನ ಹೆಸರಿನವರೆಗೆ ಬಂದು, ಸುದ್ದಿ ಮಾತ್ರ ಕೊಡದೆ, ಒಂದು ಸಣ್ಣ ಚಕ್ರವನ್ನು ಗಿರಗಿರ ತಿರುಗಿಸುತ್ತ ನನ್ನನ್ನು ಕೂರಿಸಿಕೊಳ್ಳುತ್ತಿತ್ತು. ಆ ಚಕ್ರವನ್ನು ಒಂದು ಗಳಿಗೆ ದಿಟ್ಟಿಸಿದವನಿಗೆ ಗೀತೆ ಓದದೆಯೇ ಫಲಾಪೇಕ್ಷೆ ಬಿಟ್ಟುಹೋಗುತ್ತದೆ.

'ನನ್ನ ಅಡುಗೆ ವಿಡಿಯೋ ಬತ್ತಾ ಅದೆ. ನಿಮ್ದು ಬರಲ್ಲ ಅಂದ್ರೆ ಒಂದೋ ಬ್ಯಾಂಕ್ನೋರೇ ಬಾಗಿಲು ಹಾಕ್ಕಂಡವ್ರೆ, ಇಲ್ಲ ನೀವೇ ಏನೋ ಒತ್ತಿದ್ದೀರಿ' ಎಂದಳು ಮನೆಯಾಕೆ. ಈ ಎರಡನೆಯ ಊಹೆಗೆ ನಮ್ಮ ಮನೆಯಲ್ಲಿ ದೀರ್ಘ ಪರಂಪರೆಯಿದೆ. ಮಿಕ್ಸಿ ನಿಂತಾಗ, ಬೋರಿನ ಮೋಟಾರು ಸುಟ್ಟಾಗ, ಒಮ್ಮೆ ಪಂಚಾಂಗದಲ್ಲಿ ಏಕಾದಶಿ ತಪ್ಪಿ ಮುದ್ರಣವಾಗಿದ್ದಾಗ ಕೂಡ ಪ್ರಥಮ ಆರೋಪಿ ನಾನೇ.

ಬೀದಿಯಲ್ಲಿ ವಿಷಯ ಹರಡಿತು. ಮಂಡ್ಯದಲ್ಲಿ ವಿಷಯ ಹರಡಲು ಅಂತರ್ಜಾಲ ಬೇಕಾಗಿಲ್ಲ. ಪಕ್ಕದ ಮನೆಯ ನಿವೃತ್ತ ಎಂಜಿನಿಯರು, ಮೆಡಿಕಲ್ ಸ್ಟೋರಿನವನು, ಹಿಟ್ಟಿನ ಗಿರಣಿಯ ಯಜಮಾನ, ಯಾರನ್ನು ಕೇಳಿದರೂ ಔಷಧ ಒಂದೇ: 'ಆಫ್ ಮಾಡಿ ಆನ್ ಮಾಡಿ ಮೇಷ್ಟ್ರೇ.' ಈ ಸರ್ವರೋಗನಿವಾರಿಣಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ರೌಟರೂ ಒಂದು ಪುಟ್ಟ ಕಂಪ್ಯೂಟರೇ. ಮನೆಯೊಳಗೆ ಯಾವ ಫೋನು ಯಾವ ಪುಟ ಕೇಳಿತು, ಬಂದದ್ದನ್ನು ಯಾರಿಗೆ ಮುಟ್ಟಿಸಬೇಕು ಎಂಬ ಲೆಕ್ಕವನ್ನು ಅದು ತನ್ನ ಪುಟಾಣಿ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಓಡಿದ ಮೇಲೆ ಆ ಲೆಕ್ಕ ತುಂಬಿ ತುಳುಕಿ, ಹಳೆಯ ಬಾಕಿಗಳೆಲ್ಲ ಕಲಸಿಕೊಂಡಿರುವುದುಂಟು. ಆಫ್ ಮಾಡಿದರೆ ಎಲ್ಲ ಅಳಿಸಿ, ಆನ್ ಮಾಡಿದಾಗ ಹೊರಗಿನಿಂದ ಹೊಸ ವಿಳಾಸ ಪಡೆದು, ಪುನರ್ಜನ್ಮದ ಹುರುಪಿನಲ್ಲಿ ಕೆಲಸಕ್ಕೆ ಕೂರುತ್ತದೆ. ಹಾಗಾಗಿ ಇದು ಮೂಢನಂಬಿಕೆಯಲ್ಲ. ಎಲ್ಲದಕ್ಕೂ ಇದೊಂದೇ ಎನ್ನುವುದು ಮಾತ್ರ ಮೂಢನಂಬಿಕೆ.

2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. 9 ಗಂಟೆ ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಸುಮಾರು ಆರು ಗಂಟೆ ಕಾಲ ಜಗತ್ತಿನಲ್ಲಿ ಯಾರ ಮಗುವಿನ ಹುಟ್ಟುಹಬ್ಬವೂ ಯಾರಿಗೂ ಗೊತ್ತಾಗಲಿಲ್ಲ. ಆ ಕಂಪನಿಯಲ್ಲಿ ದುರಸ್ತಿಗೆಂದು ಕೊಟ್ಟ ಒಂದು ಆದೇಶ ಅವರ ಒಳಜಾಲವನ್ನೇ ತುಂಡರಿಸಿತ್ತು. ಹೆಸರು ಹೇಳಿದರೆ ವಿಳಾಸ ತಿಳಿಸಬೇಕಾದ ಅವರ ಯಂತ್ರಗಳು ಹೊರಜಗತ್ತಿಗೆ ದಾರಿ ಹೇಳುವುದನ್ನೇ ನಿಲ್ಲಿಸಿದ್ದವು. ಅಮೆರಿಕದ ಕಂಪನಿಯ ಒಳಗೆ ನಡೆದ ಈ ಪ್ರಮಾದಕ್ಕೆ ಪ್ರಾಯಶ್ಚಿತ್ತವಾಗಿ ನಮ್ಮ ಬೀದಿಯಲ್ಲಿ ಮನೆಮನೆಯ ರೌಟರುಗಳು ನಡುರಾತ್ರಿಯವರೆಗೆ ಆಫ್ ಆಗಿ ಆನ್ ಆದವು. ಗಿರಣಿಯ ಯಜಮಾನ ಒಂದು ಹೆಜ್ಜೆ ಮುಂದೆ ಹೋಗಿ ಮೈನ್ ಸ್ವಿಚ್ಚನ್ನೇ ಎಳೆದಿದ್ದನಂತೆ.

ನನ್ನ ರೋಗಕ್ಕೆ ಈ ಮದ್ದು ತಾಗಲಿಲ್ಲ. ಕಡೆಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ಸೋದರಳಿಯನಿಗೆ ಫೋನು ಹಚ್ಚಿದೆ. ಅವನು ಹುಡುಗನಾಗಿದ್ದಾಗ ಇತಿಹಾಸದಲ್ಲಿ ಮೂವತ್ತೈದಕ್ಕೆ ತೇಲಿದವನು. ಆ ಕಾಲದಲ್ಲಿ ನಾನು ಅವನಿಗೆ ಕೊಟ್ಟ ಉಪದೇಶಗಳೆಲ್ಲ ಬಡ್ಡಿ ಸಮೇತ ವಾಪಸು ಬರುತ್ತವೆಂದು ತಿಳಿದೇ ಮಾಡಿದೆ. ಆದರೆ ಅವನು ಬಲು ಶಾಂತವಾಗಿ, 'ಗಾಬರಿ ಬೇಡ ಮಾವ. ಮೊದಲು ಎಲ್ಲಿಗಂಟ ಬರ್ತಿದೆ ಅಂತ ನೋಡೋಣ' ಎಂದ.

ಎಲ್ಲಿಗಂಟ ಬರ್ತಿದೆ! ಈ ಮಾತು ಕಿವಿಗೆ ಬಿದ್ದದ್ದೇ ನಾನು ಕಂಪ್ಯೂಟರಿನ ಮುಂದಿನಿಂದ ಎದ್ದು, ಮನಸ್ಸಿನಲ್ಲೇ, ಮಳವಳ್ಳಿ ಸೀಮೆಯ ಒಂದು ಗದ್ದೆಬಯಲಿಗೆ ಹೋಗಿಬಿಟ್ಟೆ. ನೀವೂ ಬನ್ನಿ. ಪುಟ ತೆರೆಯಲು ಹೇಗೂ ಹೊತ್ತಾಗುತ್ತದೆ.

ನಮ್ಮ ತಾತನ ಊರು ಮಳವಳ್ಳಿಯಿಂದಾಚೆ. ಬೇಸಿಗೆ ರಜೆಗೂ ದಸರಾ ರಜೆಗೂ ಅಲ್ಲಿಗೆ ಹೋಗುವುದೆಂದರೆ ಮಂಡ್ಯದಲ್ಲಿ ಮೀಟರ್‌ಗೇಜಿನ ರೈಲು ಹತ್ತಿ ಮದ್ದೂರಿನಲ್ಲಿ ಇಳಿಯುವುದು, ಅಲ್ಲಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಬಸ್ಸು. ಮದ್ದೂರಿನಲ್ಲಿ ಇಳಿದ ಮೇಲೆ ವಡೆ ತಿನ್ನದೆ ಮುಂದೆ ಹೋಗುವುದು ಶಾಸ್ತ್ರಸಮ್ಮತವಲ್ಲವಷ್ಟೆ. 1917ರಲ್ಲಿ ಆ ಸ್ಟೇಷನ್ನಿನಲ್ಲಿ ತಿಂಡಿಯ ಅಂಗಡಿ ನಡೆಸುತ್ತಿದ್ದ ರಾಮಚಂದ್ರ ಬುಧ್ಯರು, ಪಕೋಡಕ್ಕೆಂದು ಕಲಸಿದ ಹಿಟ್ಟಿರುವಾಗಲೇ ರೈಲು ಬೇಗ ಬಂದುಬಿಟ್ಟಿತೆಂದು ಅದನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಅದೇ ಮದ್ದೂರು ವಡೆಯಾಯಿತೆಂದೂ ಕಥೆ. ನನಗೆ ಈ ಕಥೆಯಲ್ಲಿ ನಂಬಲು ಕಷ್ಟವಾಗುವ ಭಾಗ ಒಂದೇ, ರೈಲು ಬೇಗ ಬಂದದ್ದು. ನಮ್ಮ ಕಾಲದಲ್ಲಿ ಎದುರು ಗಾಡಿಗೆ ದಾರಿ ಬಿಡಲು ನಿಂತ ರೈಲು ಎರಡು ವಡೆ, ಒಂದು ಕಾಫಿ, ಒಂದು ರಾಜಕೀಯ ಚರ್ಚೆ ಮುಗಿದರೂ ಕದಲುತ್ತಿರಲಿಲ್ಲ. ಆದರೂ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಬ್ಯಾಂಕಿನ ಪುಟ ಅರ್ಧ ನಿಮಿಷ ತಡವಾದರೆ ಮೇಜು ಗುದ್ದುವ ನಾನು ಆ ರೈಲಿನಲ್ಲಿ ಬೆಳೆದವನೇ.

ತಾತನ ಎರಡು ತುಂಡು ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕಡೆಯ ಭಾಗದಲ್ಲಿತ್ತು. ಆತ ಅದನ್ನು ಕೊನೆಯವರೆಗೂ ಇರ್ವಿನ್ ನಾಲೆ ಎಂದೇ ಕರೆದ. ವೈಸರಾಯ್ ಹೋದರೂ ಹೆಸರು ಹೋಗಲಿಲ್ಲ. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಹುಲಿಕೆರೆಯ ಸುರಂಗ ನುಸಿದು, ಮಂಡ್ಯದ ಬಯಲನ್ನು ಕುಡಿಸಿ, ಕವಲೊಡೆದು, ಕವಲು ಮತ್ತೆ ಕವಲೊಡೆದು ಮದ್ದೂರು, ಮಳವಳ್ಳಿಗಳ ಅಂಚಿಗೆ ಬರುವ ಹೊತ್ತಿಗೆ ಅದರ ಗತ್ತೆಲ್ಲ ಇಳಿದು ಬೆರಳು ಗಾತ್ರವಾಗಿರುತ್ತಿತ್ತು. 'ಕೊನೆ ಭಾಗದ ರೈತರಿಗೆ ತಲುಪದ ನೀರು' ಎಂಬ ತಲೆಬರಹವನ್ನು ನಾನು ಓದಲು ಕಲಿತಂದಿನಿಂದ ಓದುತ್ತಿದ್ದೇನೆ. ನೀರು ಬಾರದ ದಿನ ಊರಿನ ಗಂಡಸರೆಲ್ಲ ಅರಳಿಕಟ್ಟೆಯ ಮೇಲೆ ಕೂತು ಕಟ್ಟೆಯ ಎಂಜಿನಿಯರಿನಿಂದ ಹಿಡಿದು ತಮಿಳುನಾಡಿನವರೆಗೆ ಕ್ರಮವಾಗಿ ಬೈಯುತ್ತಿದ್ದರು. ತಾತ ಬೈಯುತ್ತಿರಲಿಲ್ಲ ಎಂದಲ್ಲ. ಬೈದು ಮುಗಿಸಿ, ಹೆಗಲಿಗೆ ಗುದ್ದಲಿ ಏರಿಸಿ, ಕೈಗೆ ಲಾಟೀನು ಹಿಡಿದು ಹೊರಡುತ್ತಿದ್ದ. ನಾನು ಹಿಂದೆ.

ಆತನ ಕ್ರಮ ಒಂದೇ. ಮೊದಲು ತನ್ನ ಗದ್ದೆ. 'ಕಟ್ಟೆ ಬೈಯ್ಯಕ್ಕೆ ಮುಂಚೆ ನಿನ್ ತೆವರೀಲಿ ಏಡಿ ಬಿಲ ಅದಾ ನೋಡ್ಲಾ' ಎನ್ನುತ್ತಿದ್ದ. ಏಡಿಗಳು ಗದ್ದೆಯ ಬದುವಿನಲ್ಲಿ ಬಿಲ ತೋಡುವುದು, ಅದರೊಳಗಿಂದ ರಾತ್ರೋರಾತ್ರಿ ನೀರು ಪಕ್ಕದವನ ಗದ್ದೆಗೆ ಜಾರುವುದು, ಇದು ಎಂಥ ಎಂಜಿನಿಯರೂ ನಕ್ಷೆಯಲ್ಲಿ ಬರೆಯದ ಉಪನಾಲೆ. ತೆವರಿ ಗಟ್ಟಿಯಿದೆಯೋ, ಸರಿ, ಕಾಲುವೆಯ ಬಾಯಿಗೆ ನಡೆ. ಅಲ್ಲಿ ನೀರಿದೆಯಾ? ಇಲ್ಲ. ಮೇಲಿನ ಗದ್ದೆಯವನ ಮಡಿಗೆ ನಡೆ. ಅಲ್ಲಿ? ಇಲ್ಲ. ಮುಂದಿನ ತೂಬು. 'ಎಲ್ಲಿಗಂಟ ಬಂದದೆ?' ಎಂದು ಎದುರಿಗೆ ಸಿಕ್ಕ ನೀರುಗಂಟಿಯನ್ನು ಕೇಳುವುದು, ಅವನು ಹೇಳಿದ್ದನ್ನು ನಂಬದೆ ಮತ್ತೆ ನಡೆಯುವುದು. ಕಡೆಗೊಂದು ಕಡೆ ನೀರು ಕಾಣುತ್ತಿತ್ತು. ಅದರ ಕೆಳಗಿನ ಹತ್ತು ಮಾರಿನಲ್ಲೇ ಕಳ್ಳನೋ ಕಲ್ಲೋ ಇರುತ್ತಿತ್ತು. ಬಂದ ಕಡೆ ಮತ್ತು ಬಾರದ ಕಡೆ ಎರಡನ್ನೂ ಕಂಡವನಿಗೆ ಮಾತ್ರ ರೋಗ ಸಿಕ್ಕುತ್ತದೆ ಎಂಬ ಈ ತರ್ಕಶಾಸ್ತ್ರವನ್ನು ತಾತ ನ್ಯಾಯವೈಶೇಷಿಕಗಳ ಹಂಗಿಲ್ಲದೆ, ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಸಾಧಿಸಿದ್ದ.

ಲಾಟೀನು ಎಂದೆನಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಶಿವನಸಮುದ್ರ ಇರುವುದು ಅದೇ ಮಳವಳ್ಳಿ ತಾಲ್ಲೂಕಿನಲ್ಲಿ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಯಿತು. ತಾತನ ಊರಿನ ನೆತ್ತಿಯಾಚೆಗೇ ಹೋದ ಆ ಬೆಳಕು, ನಾನು ಚಡ್ಡಿ ಹಾಕುವ ಕಾಲಕ್ಕೂ ಊರೊಳಗೆ ಇಳಿದಿರಲಿಲ್ಲ. ಅಜ್ಜಿ ಬುಡ್ಡಿದೀಪದಲ್ಲೇ ಮುದ್ದೆ ಕಟ್ಟುತ್ತಿದ್ದಳು. ದೂರದವರಿಗೆ ಮೊದಲು, ಹತ್ತಿರದವರಿಗೆ ಆಮೇಲೆ ಎಂಬ ಈ ನೀತಿ ಇಂದಿನ ಜಾಲದಲ್ಲೂ ಉಳಿದಿದೆ. ಅಮೆರಿಕದ ವಿಡಿಯೋ ಸರಾಗವಾಗಿ ಬಂದು ಮಂಡ್ಯದ ಬ್ಯಾಂಕು ಬಾರದಿದ್ದಾಗ ನನಗೆ ಆಶ್ಚರ್ಯಕ್ಕಿಂತ ಪೂರ್ವಪರಿಚಯದ ಭಾವವೇ ಹೆಚ್ಚಾಯಿತು.

'ಮಾವ, ಲೈನಲ್ಲಿದ್ದೀರಾ?' ಎಂದ ಅಳಿಯ. ಇದ್ದೆ.

ನಮ್ಮ ತೆವರಿಯ ಏಡಿ ಬಿಲ ಮೊದಲು. ಕಂಪ್ಯೂಟರನ್ನು ಬಿಟ್ಟು ಅದೇ ವೈಫೈಯಲ್ಲಿ ಫೋನಿನಿಂದ ಬ್ಯಾಂಕಿನ ಪುಟ ನೋಡಿ ಎಂದ. ಬರಲಿಲ್ಲ. ವೈಫೈ ಆರಿಸಿ ಫೋನಿನ ಸ್ವಂತ ಡೇಟಾದಲ್ಲಿ ನೋಡಿ ಎಂದ. ಬಂತು. ಈ ಒಂದು ನಿಮಿಷದ ಕೆಲಸದಿಂದ ಎರಡು ಮಹಾಪರಾಧಿಗಳು ಖುಲಾಸೆಯಾದರು: ಬ್ಯಾಂಕಿನವರು ಬಾಗಿಲು ಹಾಕಿಲ್ಲ, ಕಂಪ್ಯೂಟರಿನಲ್ಲಿ ನಾನೇನೂ ಒತ್ತಿಲ್ಲ. ಎರಡನೆಯದನ್ನು ಅಡುಗೆಮನೆಗೆ ಕೇಳುವಂತೆ ಫೋನಿನಲ್ಲಿ ಗಟ್ಟಿಯಾಗಿ ಪುನರುಚ್ಚರಿಸಿದೆ. ಪ್ರತಿಕ್ರಿಯೆ ಬರಲಿಲ್ಲ.

ಕಂಪ್ಯೂಟರಿನ ತಾರೀಖು ನೋಡಿಸಿದ. ಇದು ಹಾಸ್ಯವಲ್ಲ. ಮುದಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ನಾಣ್ಯದಗಲದ ಬ್ಯಾಟರಿ ಇರುತ್ತದೆ. ಅದು ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ತನ್ನ ಬಾಲ್ಯಕ್ಕೆ ಹಿಂತಿರುಗಿ, ಈವತ್ತು ಹತ್ತು ವರ್ಷದ ಹಿಂದಿನ ಜನವರಿ 1 ಎಂದು ಹಟ ಹಿಡಿಯುತ್ತದೆ. ಇತಿಹಾಸದ ಮೇಷ್ಟ್ರ ಕಂಪ್ಯೂಟರ್ ಅಲ್ಲವೇ, ಗತಕಾಲದ ವ್ಯಾಮೋಹ ಸಹಜ ಎನ್ನಿ. ಆದರೆ ಬೀಗದ ಚಿತ್ರವಿರುವ ಪ್ರತಿಯೊಂದು ಜಾಲತಾಣವೂ ತಾನು ತಾನೇ ಎನ್ನುವುದಕ್ಕೆ ಒಂದು ಪ್ರಮಾಣಪತ್ರ ತೋರಿಸಬೇಕು, ಅದಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಕಾಲಭ್ರಮೆ ಹಿಡಿದ ಕಂಪ್ಯೂಟರ್ 'ಈ ಪತ್ರ ಇನ್ನೂ ಹುಟ್ಟೇ ಇಲ್ಲ' ಎಂದು ಎಲ್ಲರನ್ನೂ ಬಾಗಿಲಲ್ಲೇ ತಡೆಯುತ್ತದೆ. 2021ರ ಸೆಪ್ಟೆಂಬರ್ 30ರಂದು ಇದರ ತಿರುವುಮುರುವು ನಡೆಯಿತು: ಲಕ್ಷಾಂತರ ತಾಣಗಳು ಆತುಕೊಂಡಿದ್ದ ಒಂದು ಮೂಲಪತ್ರದ ಅವಧಿಯೇ ಅಂದು ಮುಗಿದು, ಹೊಸದನ್ನು ಅರಿಯದ ಹಳೆಯ ಫೋನು, ಕಂಪ್ಯೂಟರುಗಳಲ್ಲಿ ನಿನ್ನೆ ಬಂದ ಪುಟ ಇಂದು ಬರಲಿಲ್ಲ. ನಮ್ಮ ಗಡಿಯಾರ ಸರಿಯಾಗಿತ್ತು. ಇನ್ನೊಂದು ಬಿಲ ಮುಚ್ಚಿತು.

ಗೂಡಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಿದೆಯೇ ಎಂದು ಕೇಳಿದ. ಕಸೂತಿ ಬಟ್ಟೆ ಸರಿಸಿ ನೋಡಿದೆ, ಹಸಿರು. ಕೆಂಪು ಇದ್ದರೆ ಬೀದಿಯ ಕೇಬಲ್ಲಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ, ಆಗ ಅಳಿಯನ ಬದಲು ಕೇಬಲ್ ಹುಡುಗನನ್ನು ಕರೆಯಬೇಕು. ಈ ಹುಡುಗನಿಗೆ ಕಬ್ಬು ಅರೆಯುವ ಕಾಲದಲ್ಲಿ ನಿದ್ದೆಯಿಲ್ಲ. ಟ್ರ್ಯಾಕ್ಟರಿನ ಮೇಲೆ ಎರಡಾಳೆತ್ತರ ಕಬ್ಬು ಪೇರಿಸಿ ಕಾರ್ಖಾನೆಗೆ ಹೋಗುವವರು ಅಡ್ಡ ತೂಗುವ ಕೇಬಲ್ಲನ್ನೂ ಜಲ್ಲೆಗಳ ಜೊತೆ ಸಾಗಿಸಿಕೊಂಡು ಹೋಗುತ್ತಾರೆ. ಒಳಗಿನ ಗಾಜಿನ ಎಳೆ, ಹೊದಿಕೆ ಕಳಚಿದರೆ, ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ದಪ್ಪ. ಬೆಳಕು ಹರಿಯುವ ನಡುವಣ ದಾರಿಯಂತೂ ಕೂದಲಿಗಿಂತ ಎಷ್ಟೋ ತೆಳು. ಅದನ್ನು ಹುಡುಗ ಮೋರಿಕಟ್ಟೆಯ ಮೇಲೆ ಕೂತು ಸಣ್ಣ ಯಂತ್ರದಲ್ಲಿಟ್ಟು ಕಿಡಿ ಹೊಡೆಸಿ ಬೆಸೆಯುವುದನ್ನು ನೋಡಬೇಕು ನೀವು. ಸುತ್ತ ಹತ್ತು ಜನ ನಿಂತು 'ಆಫ್ ಮಾಡಿ ಆನ್ ಮಾಡ್ಲಾ' ಎನ್ನುತ್ತಿದ್ದರೂ ಅವನ ಕೈ ನಡುಗುವುದಿಲ್ಲ.

ನಮ್ಮ ಗದ್ದೆ ನೆಟ್ಟಗಿದೆ, ಕಾಲುವೆ ಒಡೆದಿಲ್ಲ. ಮುಂದಿನ ಸಂಶಯ ಹೆಸರಿನ ಮೇಲೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಯಿಂದ, ನಾವು ಟೈಪು ಮಾಡುವುದು ಹೆಸರನ್ನು. ನಡುವೆ ಹೆಸರನ್ನು ಅಂಕಿಗೆ ತಿರುಗಿಸುವವರು ಬೇಕು. ಇಲ್ಲಿ ನನ್ನೊಳಗಿನ ಇತಿಹಾಸದ ಮೇಷ್ಟ್ರು ಚುರುಕಾದ, ಅಳಿಯ ಬೇಡವೆಂದರೂ ಓದಿಕೊಂಡ. ಅಂತರ್ಜಾಲ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದರ ಸಮಸ್ತ ಕಂಪ್ಯೂಟರುಗಳ ಹೆಸರೂ ಅಂಕಿಯೂ ಒಂದೇ ಒಂದು ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರಿಗೆ ಹೆಸರಿಡಬೇಕಾದವರು ಆಕೆಯ ಕಚೇರಿಗೆ ತಿಳಿಸಬೇಕು, ಉಳಿದವರು ಆಗಾಗ ಆ ಕಡತವನ್ನು ನಕಲು ಮಾಡಿಕೊಳ್ಳಬೇಕು. ಸಂತಾನ ಹೆಚ್ಚಿ ಕಡತ ತುಂಬಿದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬಾತ ಆ ಅಧಿಕಾರವನ್ನು ಜಗತ್ತಿನಾದ್ಯಂತ ಹಂಚುವ ವ್ಯವಸ್ಥೆ ರೂಪಿಸಿದ, ಅದೇ ಡಿಎನ್ಎಸ್. ಸೋಜಿಗವೆಂದರೆ ಹಳೆಯ ಕಡತದ ಪಳೆಯುಳಿಕೆಯೊಂದು ಇಂದಿಗೂ 'ಹೋಸ್ಟ್ಸ್' ಎಂಬ ಹೆಸರಿನಲ್ಲಿ ನಿಮ್ಮ ಕಂಪ್ಯೂಟರಿನ ಮೂಲೆಯಲ್ಲಿ ಕೂತಿದೆ. ಅದರಲ್ಲಿ ಯಾವುದಾದರೂ ಕಿಡಿಗೇಡಿ ತಂತ್ರಾಂಶ ಸುಳ್ಳು ವಿಳಾಸ ಬರೆದಿದ್ದರೆ, ಕಂಪ್ಯೂಟರ್ ಹೊರಗಿನವರನ್ನು ಕೇಳುವ ಮೊದಲೇ ಅದನ್ನು ನಂಬಿಬಿಡುತ್ತದೆ.

ಡಿಎನ್ಎಸ್ ಕೈಕೊಟ್ಟಿದೆ ಎಂಬ ಅನುಮಾನ ಬಂದವರೆಲ್ಲ ಮಾಡುವ ಕೆಲಸ, ಸಂಪರ್ಕ ಕೊಟ್ಟವರ ಹೆಸರುಗಾರನನ್ನು ಬಿಟ್ಟು, ಗೂಗಲ್ 2009ರಲ್ಲಿ ಲೋಕಕ್ಕೆ ಬಿಟ್ಟ 8.8.8.8 ಅನ್ನೋ, ಕ್ಲೌಡ್‌ಫ್ಲೇರ್ 2018ರಲ್ಲಿ ಬಿಟ್ಟ 1.1.1.1 ಅನ್ನೋ ಹಾಕಿಕೊಳ್ಳುವುದು. ನಾವೂ ಹಾಕಿಕೊಂಡೆವು. ಪತ್ರಿಕೆ ಮತ್ತೆ ತನ್ನ ಹೆಸರಷ್ಟೇ ಹೇಳಿ ಸುಮ್ಮನಾಯಿತು. 'ಹೆಸರು ಸಿಗ್ತಿದೆ ಮಾವ, ಹೆಸರಿನ ದೋಷ ಅಲ್ಲ. ದಾರಿ ನೋಡೋಣ' ಎಂದ ಅಳಿಯ.

ಕಪ್ಪು ಪರದೆಯೊಂದನ್ನು ತೆರೆಸಿ ಪಿಂಗ್ ಮಾಡಿಸಿದ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಬರೆದ ಪುಟ್ಟ ತಂತ್ರಾಂಶ ಅದು: 'ಇದ್ದೀಯಾ?' ಎಂದು ಕೂಗುತ್ತದೆ, ಆಚೆಯವನು 'ಇದ್ದೀನಿ' ಎಂದರೆ ಎಷ್ಟು ಹೊತ್ತಿಗೆ ಎಂದನೆಂದು ಬರೆದಿಡುತ್ತದೆ. ಪಕ್ಕದ ಗದ್ದೆಯವನನ್ನು ತಾತ ಕತ್ತಲಲ್ಲಿ ಕೂಗುತ್ತಿದ್ದುದೂ ಇಷ್ಟೇ. ಅದಕ್ಕಿಂತ ನನ್ನನ್ನು ಮರುಳು ಮಾಡಿದ್ದು ಟ್ರೇಸ್‌ರೂಟ್. ಅದರ ವಿಧಾನ ಕೊಂಚ ಅಮಾನುಷ. ಒಂದು ಪ್ಯಾಕೆಟ್ಟಿಗೆ ಒಂದೇ ಹೆಜ್ಜೆಯ ಆಯುಷ್ಯ ಕೊಟ್ಟು ಕಳಿಸುವುದು. ಅಲ್ಪಾಯುವಾದ ಅದು ಮೊದಲನೆಯ ರೌಟರಿನಲ್ಲೇ ಅಸು ನೀಗುತ್ತದೆ. ಆ ರೌಟರು 'ನಿಮ್ಮವರು ನಮ್ಮಲ್ಲಿ ತೀರಿಕೊಂಡರು' ಎಂದು ತನ್ನ ವಿಳಾಸ ಸಮೇತ ಕಾಗದ ಹಾಕುತ್ತದೆ. ಮುಂದಿನದಕ್ಕೆ ಎರಡು ಹೆಜ್ಜೆಯ ಆಯುಷ್ಯ, ಎರಡನೆಯ ಕಡೆಯಿಂದ ಸಾವಿನ ಸುದ್ದಿ. ಈ ಮರಣವಾರ್ತೆಗಳನ್ನು ಸಾಲಾಗಿ ಜೋಡಿಸಿದರೆ ದಾರಿಯ ನಕ್ಷೆ ಸಿದ್ಧ. 1987ರಲ್ಲಿ ವ್ಯಾನ್ ಜೇಕಬ್ಸನ್ ಬರೆದದ್ದು. ಆತ ಮಳವಳ್ಳಿ ಕಡೆ ಬಂದವನಲ್ಲ, ಆದರೂ ತೂಬಿನಿಂದ ತೂಬಿಗೆ ನಡೆಯುವ ಕಲೆ ಅವನಿಗೆ ತಿಳಿದಿತ್ತು. ನಮ್ಮ ಪರದೆಯಲ್ಲಿ ಮೊದಲ ಸಾಲು 192.168.1.1, ಗೂಡಿನ ನಮ್ಮ ದೇವರೇ. ಆಮೇಲೆ ಸಂಪರ್ಕ ಕೊಟ್ಟವರ ಒಳಮನೆಗಳು, ಆಮೇಲೆ ಚೆನ್ನೈಯ ವಾಸನೆ ಇರುವ ಒಂದು ಹೆಸರು, ನಡುವೆ ಮಾತಾಡಲೊಲ್ಲದ ಕೆಲವು ನಕ್ಷತ್ರಚಿಹ್ನೆಗಳು, ಕಡೆಗೆ ಪತ್ರಿಕೆಯ ಯಂತ್ರ. ದಾರಿ ಪೂರ್ತಿ ಇದೆ. ಕೂಗಿದರೆ ಓಗೊಡುತ್ತಾರೆ. ಪುಟ ಮಾತ್ರ ಬರುವುದಿಲ್ಲ.

ಅಳಿಯ ಹತ್ತು ಕ್ಷಣ ಮೌನವಾದ. ಆಮೇಲೆ, 'ಮಾವ, ಈ ರೌಟರ್ ಹೊಸದಾ?' ಎಂದ. ಹೌದು, ಹಳೆಯದು ಸಿಡಿಲಿಗೆ ಹೋಗಿ ಇದು ಬಂದಿತ್ತು. ಪಿಂಗಿನಲ್ಲೇ ಸ್ವಲ್ಪ ದೊಡ್ಡ ಹೊರೆ ಹೊರಿಸಿ ಕೂಗಿಸಿದ: 1472 ಎಂದು ಹಾಕಿಸಿದ, ಉತ್ತರವಿಲ್ಲ. 1464 ಹಾಕಿಸಿದ, ಫಟ್ಟನೆ ಬಂತು. ಅವನು ಫೋನಿನಲ್ಲಿ ನಕ್ಕ ನಗೆಯಲ್ಲಿ ಮೂವತ್ತೈದು ಅಂಕದ ಸೇಡು ಪೂರ್ತಿ ತೀರಿತ್ತು.

ಸಂಗತಿ ಇಷ್ಟು. ಜಾಲದಲ್ಲಿ ಯಾವ ಪುಟವೂ ಇಡಿಯಾಗಿ ಬರುವುದಿಲ್ಲ, ತುಂಡುತುಂಡಾಗಿ ಬರುತ್ತದೆ. ಒಂದು ತುಂಡು ಹೆಚ್ಚೆಂದರೆ 1500 ಬೈಟು ಎಂಬುದು ರೂಢಿ. ಆದರೆ ಹೆಸರು, ಗುಟ್ಟುಪದ ಕೊಟ್ಟು ಒಳಹೋಗುವ ನಮ್ಮಂಥ ಸಂಪರ್ಕಗಳಲ್ಲಿ ಪ್ರತಿ ತುಂಡಿನ ಮೇಲೂ 8 ಬೈಟಿನ ಒಂದು ಚೀಟಿ ಅಂಟಿಸುತ್ತಾರೆ, ಹಾಗಾಗಿ ಸರಕಿಗೆ ಉಳಿಯುವುದು 1492. ಪಿಂಗಿನ 1464ಕ್ಕೆ ಅದರ ತಲೆಚೀಟಿಗಳ 28 ಸೇರಿಸಿ, ಅದೇ 1492. ಬ್ಯಾಂಕಿನಿಂದ ಹೊರಟ 1500ರ ತುಂಡು ನಮ್ಮ ತೂಬಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಆಗ ತೂಬಿನವರು 'ಸಣ್ಣದು ಮಾಡಿ ಕಳಿಸಿ' ಎಂದು ಹಿಂದಕ್ಕೆ ಹೇಳಿಕಳಿಸಬೇಕು, ಹೇಳಿಕಳಿಸುತ್ತಾರೆ ಕೂಡ. ಆದರೆ ದಾರಿಯಲ್ಲೊಬ್ಬ ಅತಿಜಾಗರೂಕ ಕಾವಲುಗಾರ ಇಂಥ ಸಂದೇಶಗಳೆಲ್ಲ ಅಪಾಯಕರವೆಂದು ಹರಿದೆಸೆಯುತ್ತಾನೆ. ಬ್ಯಾಂಕು ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ, ಅದು ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತದೆ, ಇತ್ತ ಚಕ್ರ ತಿರುಗುತ್ತದೆ. ಮೊದಲಿನ ಉಭಯಕುಶಲೋಪರಿಯ ತುಂಡುಗಳು ಚಿಕ್ಕವಾದ್ದರಿಂದ ಪತ್ರಿಕೆಯ ಹೆಸರಿನ ತನಕ ಬಂದಿರುತ್ತದೆ. ಯೂಟ್ಯೂಬಿನವರದು ಬೇರೆ ಬಗೆಯ ಸಾಗಣೆ. ಅವರು ಮೊದಲಿಂದಲೇ ತುಂಡುಗಳನ್ನು 1492ಕ್ಕಿಂತ ಸಾಕಷ್ಟು ಚಿಕ್ಕದು ಮಾಡಿ ಕಳಿಸುವುದರಿಂದ ಅಡುಗೆ ವಿಡಿಯೋ ಎಡೆಬಿಡದೆ ಬರುತ್ತಿತ್ತು.

192.168.1.1 ತೆರೆದು, ಎಂಟಿಯು ಎಂಬ ಮನೆಯಲ್ಲಿದ್ದ 1500 ಅಳಿಸಿ, 1492 ಬರೆಯಿರಿ ಎಂದ ಅಳಿಯ. 'ನೆನಪಿರುತ್ತಾ ಮಾವ?' ಎಂದೂ ಕೇಳಿದ. 1492 ನನಗೆ ನೆನಪಿರುತ್ತಾ! ಮೂರು ದಶಕ ನಾನು ಅದನ್ನು ಹಲಗೆಯ ಮೇಲೆ ಬರೆದಿದ್ದೇನೆ. ಭಾರತಕ್ಕೆಂದು ಹೊರಟು, ಇನ್ನೆಲ್ಲಿಗೋ ತಲುಪಿ, ಇದೇ ಭಾರತ ಎಂದು ಸಾಯುವವರೆಗೆ ನಂಬಿದ ಕೊಲಂಬಸ್ಸನ ಇಸವಿ. ದಾರಿ ತಪ್ಪಿದ ಪ್ಯಾಕೆಟ್ಟುಗಳ ಕುಲಪುರುಷ. ಬರೆದು ಉಳಿಸಿದ್ದೇ ತಡ, ಬ್ಯಾಂಕು ಬಂತು, ಪಹಣಿ ಬಂತು, ಪತ್ರಿಕೆ ಅಂದಿನ ಸುದ್ದಿಯೊಡನೆ ಬಂತು. ಮೊದಲ ಸುದ್ದಿ, ನಾಲೆಯ ಕೊನೆ ಭಾಗಕ್ಕೆ ನೀರು ತಲುಪಿಲ್ಲ ಎಂದು.

ಮತ್ತೆ ಸಿಡಿಲು ಬಡಿದು ಮತ್ತೊಂದು ರೌಟರು ಬಂದರೆ ಬೇಕಾಗುತ್ತದೆಂದು ಆ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ, ಹಾಲಿನ ಲೆಕ್ಕದ ಪಕ್ಕ. ತಿಂಗಳ ಕೊನೆಗೆ ಹಾಲಿನವನು ಬಂದು ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿ, 'ಹೂಂ ಕಣವ್ವ, ಸಾವಿರದ ನಾನೂರ ತೊಂಬತ್ತೆರಡು, ಲೆಕ್ಕ ಸರಿಯಾಗದೆ' ಎಂದ. ನನ್ನಾಕೆ ಕೊಡಲು ಎಣಿಸುತ್ತಿದ್ದಳು. ನಾನು ಓಡಿಬಂದು ಅವನಿಗೆ ಬೈಟು, ಚೀಟಿ, ತೂಬು ಎಲ್ಲವನ್ನೂ ಆದ್ಯಂತವಾಗಿ ವಿವರಿಸಿದೆ. ಕ್ಯಾನಿನ ಮೇಲೆ ಕೈಯಿಟ್ಟು ಪೂರ್ತಿ ಕೇಳಿದ ಅವನು, 'ಅಂಗಾರೆ ನಮ್ ಐಕಳ ರಿಸಲ್ಟು ಬರೋ ದಿನ ಆ ಸೈಟು ಒಂದಿನಾನೂ ತೆಗೆಯಾಕಿಲ್ಲ, ಸಾ. ಅದ್ಕೂ ಇದೇ ನಂಬರ್ರಾ?' ಎಂದ. ಅದಕ್ಕೆ ಬೇರೆ ಕಾರಣ, ಒಂದೇ ಬಾಗಿಲಿಗೆ ಎಲ್ಲರೂ ಒಟ್ಟಿಗೆ ನುಗ್ಗುವುದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಾಗಿತ್ತು.